ಖೂನ ನೋಡಿ ಬಾ

ಹಿಮಾಲಯಕ್ಕೆ ಹೋಗೋಣ ಎಂದು ಅಣ್ಣ ಹೇಳಿದಾಗ ನನಗೆ ಮೊದಲು ನೆನಪಾದದ್ದು ಹಿಮವಲ್ಲ, ನನ್ನ ಕಬ್ಬು.

ನಮ್ಮದು ಅಥಣಿ ತಾಲೂಕು, ಕೃಷ್ಣೆಯ ದಂಡೆ. ಸತ್ತಿ ಎಂಬ ಊರು ನಮಗೆ ದೂರವೇನಿಲ್ಲ. ಅಪ್ಪ ಹೋದ ಮೇಲೆ ಹೊಲ ವಾಟ್ನಿಯಾಗಿ ಎರಡು ಪಾಲಾಯಿತು. ರಸ್ತೆಗೆ ಹತ್ತಿದ ಮುಂದಿನ ಭಾಗ ಅಣ್ಣನಿಗೆ ಬಂತು, ಹೊಳೆಯ ಕಡೆಯ ಹಿಂದಿನ ಭಾಗ ನನಗೆ. ಮಣ್ಣು ನನ್ನದೇ ಒಳ್ಳೆಯದು. ಆದರೆ ಅದಕ್ಕೆ ಹಾದಿಯಿಲ್ಲ. ಕಟಾವಿನ ಕಾಲಕ್ಕೆ ನನ್ನ ಕಬ್ಬು ತುಂಬಿದ ಟ್ರ್ಯಾಕ್ಟರು ಅಣ್ಣನ ದ್ರಾಕ್ಷಿ ಪಡದ ಅಂಚಿನಲ್ಲೇ ಹೋಗಿ, ಮೂಲೆಯಲ್ಲಿ ತಿರುಗಿ, ರಸ್ತೆಗೆ ಹತ್ತಬೇಕು. ಇಷ್ಟು ವರ್ಷ ಅದು ಹಾಗೇ ಹೋಗುತ್ತಿತ್ತು. ನಾನು ಕೇಳಿರಲಿಲ್ಲ, ಅವನು ಕೊಟ್ಟಿರಲಿಲ್ಲ, ಟ್ರ್ಯಾಕ್ಟರು ಮಾತ್ರ ಹೋಗುತ್ತಿತ್ತು.

ಹಿಂದಿನ ಹಂಗಾಮಿನಲ್ಲಿ ಆ ಮೂಲೆಯಲ್ಲಿ ಟ್ರೇಲರು ವಾಲಿ ಪಡದ ಕಲ್ಲುಕಂಬಗಳಿಗೆ ಬಡಿಯಿತು. ತಂತಿ ಹರಿದು, ಕಾಯಿ ತುಂಬಿದ ಬಳ್ಳಿಗಳು ನೆಲಕ್ಕೆ ಬಿದ್ದವು. ಅಣ್ಣ ಬಂದ, ನೋಡಿದ, ಒಂದು ಮಾತೂ ಆಡಲಿಲ್ಲ. ತಾನೇ ನಿಂತು ಕಂಬ ನಿಲ್ಲಿಸಿ, ತಂತಿ ಬಿಗಿಸಿ ಹೋದ. ಅವನು ನನ್ನನ್ನು ವಾಚಾಮಗೋಚರ ಬೈದಿದ್ದರೆ ನಾನು ಆ ರಾತ್ರಿ ಹಾಯಾಗಿ ಮಲಗುತ್ತಿದ್ದೆ. ಬೈಯದೆ ಹೋದ ಮನುಷ್ಯನನ್ನು ನಂಬುವುದು ಹೇಗೆ?

ಮಳೆಗಾಲ ಮುಗಿಯುತ್ತ ಬಂದಾಗ ಅದೇ ಮೂಲೆಯ ಕಂಬಗಳ ಮೇಲೆ ಕೆಂಪು ಬಣ್ಣದ ಖೂನ ಕಂಡಿತು. ಗುರುತಿಗೆ ನಮ್ಮ ಕಡೆ ಖೂನ ಅನ್ನುತ್ತೇವೆ. ಬದುವಿನ ಕಲ್ಲಿಗೆ ಸುಣ್ಣ ಬಳಿದರೆ ಅದು ಖೂನ, ಎಮ್ಮೆಯ ಕೊಂಬಿಗೆ ಬಣ್ಣ ಹಚ್ಚಿದರೆ ಅದೂ ಖೂನ. ಬಹಳ ದಿನಕ್ಕೆ ಕಂಡವರು ‘ಯಾಕಪಾ, ನನ್ನ ಖೂನ ಹಿಡೀಲಿಲ್ಲೇನ?’ ಎಂದು ಕೇಳುತ್ತಾರೆ. ಯಾವ ಕಂಬದ ಮೇಲೆ ಯಾಕೆ ಖೂನ ಹಾಕಿದ್ದಾನೆ ಎಂದು ನನಗೆ ಬಿಡಿಸಿ ಹೇಳುವವರು ಬೇಕಿರಲಿಲ್ಲ. ಅಲ್ಲಿಂದ ಹೊಸ ಸಾಲು ಕಂಬ ಹೂಳುತ್ತಾನೆ, ಹಾದಿಗೆ ಅಡ್ಡ ತಂತಿ ಎಳೆಯುತ್ತಾನೆ, ನನ್ನ ಕಬ್ಬು ಹೊಲದಲ್ಲೇ ಒಣಗುತ್ತದೆ.

ಆಮೇಲೆ ಎರಡು ವಾರಕ್ಕೆ ಅಣ್ಣ ನಮ್ಮ ಅಂಗಳಕ್ಕೆ ಬಂದು, ಕಟ್ಟೆಯ ಮೇಲೆ ಕೂಡದೆ ನಿಂತೇ ಹೇಳಿದ: ‘ಹಿಮಾಲಯಕ್ಕ ನಡಕೊಂತ ಹೋಗಿ ಬರೂಣು. ಚಾಟ್ನಿಗೆ ಇನ್ನ ವ್ಯಾಳ್ಯಾ ಐತಿ. ನಿನ್ನ ಟಿಕೀಟೂ ತಗಿಸೇನಿ.’

ಚಾಟ್ನಿ ಎಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ. ಅದರ ಮುಂಚಿನ ಬಿಡುವಿನಲ್ಲಿ ಅವನು ಒಮ್ಮೆ ಶೇಡಬಾಳದ ಗೆಳೆಯರ ಜೊತೆ ಹಿಮಾಚಲಕ್ಕೆ ಹೋಗಿ ಬಂದಿದ್ದ. ಆಗ ನನ್ನನ್ನು ಕರೆದಿರಲಿಲ್ಲ. ಈಗ ಯಾಕೆ?

‘ನೋಡೂಣ್ರಿ,’ ಎಂದೆ.

ಆ ‘ರಿ’ಯ ಬಗ್ಗೆ ಒಂದು ಮಾತು. ವಾಟ್ನಿಯಾಗುವವರೆಗೆ ಅವನಿಗೆ ನಾನು ‘ಅಣ್ಣಾ, ನೀ’ ಎನ್ನುತ್ತಿದ್ದೆ. ವಾಟ್ನಿಯ ದಿನ ಹಿರಿಯರ ಮುಂದೆ ಮಾತು ಬೆಳೆದು, ಆವತ್ತಿನಿಂದ ‘ರಿ’ ಹಚ್ಚತೊಡಗಿದೆ, ‘ಅಣ್ಣಾ’ ಬಿಟ್ಟೆ. ಕೇಳಿದವರು ತಮ್ಮ ಎಷ್ಟು ಮರ್ಯಾದೆ ಕೊಡುತ್ತಾನೆ ಎನ್ನುತ್ತಿದ್ದರು. ಇಬ್ಬರಿಗೂ ಗೊತ್ತಿತ್ತು ಅದು ಮರ್ಯಾದೆಯಲ್ಲ, ಬೇಲಿ ಎಂದು.

ನನ್ನ ಹೆಂಡತಿಯ ತವರು ಅಲಖನೂರ. ಅಲ್ಲಿ ಅವಳ ಕಾಕಾ, ಅಪ್ಪನ ತಮ್ಮ, ಯಾರದೋ ಮದುವೆಯ ಊಟದಲ್ಲಿ ಪಕ್ಕದ ಹೊಲದವನ ಮಾತಿಗೆ ‘ಹೂಂ’ ಅಂದುಬಿಟ್ಟದ್ದನ್ನೇ ಒಪ್ಪಿಗೆ ಎಂದು ಹಿಡಿದು ಆ ಪಕ್ಕದವನು ಬದು ಸರಿಸಿಕೊಂಡದ್ದು ಅವರ ಮನೆಯಲ್ಲಿ ಇಂದಿಗೂ ದೊಡ್ಡ ಕಥೆ. ಬ್ಯಾಗಿಗೆ ಸ್ವೆಟರು ತುರುಕುತ್ತ ಅವಳು ಹೇಳಿದಳು: ‘ಹೋಗ್ರಿ, ಬ್ಯಾಡ ಅನ್ನೂದಿಲ್ಲ. ಗುಡ್ಡ ನೋಡ್ರಿ, ಉಣ್ರಿ, ತಿನ್ರಿ. ಆದರ ಅವರು ಏನ ಕೇಳಿದರೂ ಹೂಂ ಅನಬ್ಯಾಡ್ರಿ. ಚಹಾ ಕುಡೀತೀ ಏನ ಅಂದರೂ ನೋಡೂಣ್ರಿ ಅನ್ರಿ.’

ಅಥಣಿ ಪೇಟೆಯಲ್ಲಿ ಅಣ್ಣ ಇಬ್ಬರಿಗೂ ಒಂದೇ ಥರದ ಬೂಟು ಕೊಡಿಸಿದ. ಜೀವಮಾನವಿಡೀ ಕರಕರ ಸದ್ದಿನ ನಿಪ್ಪಾಣಿ ಚಪ್ಪಲಿ ಮೆಟ್ಟಿದವನು ಬೂಟು ಹಾಕಿ ಅಂಗಡಿಯಲ್ಲಿ ನಾಕು ಹೆಜ್ಜೆ ನಡೆದು ನನ್ನ ಮುಖ ನೋಡಿದ. ಪುಕ್ಕಟೆ ಬೂಟು ನನ್ನ ಕಾಲಿಗೆ ಸರಿಯಾಗೇ ಕೂತಿತು. ಅದೂ ನನಗೆ ಹಿಡಿಸಲಿಲ್ಲ.

ಮಿರಜಿನಲ್ಲಿ ರೈಲು ಹತ್ತಿದೆವು. ದಿಲ್ಲಿಯಿಂದ ಬಸ್ಸು, ಬಸ್ಸಿಳಿದ ಮೇಲೆ ಜೀಪು. ಜೀಪಿನ ಹಾದಿ ಮುಗಿಯುವಲ್ಲಿ ನಮ್ಮ ಗೈಡ್ ಕಾಯುತ್ತಿದ್ದ. ಆ ಕಣಿವೆಯವನೇ, ನಮ್ಮದೇ ವಯಸ್ಸಿನ ಆಸುಪಾಸು. ಒಂದು ಹೇಸರಗತ್ತೆಯ ಮೇಲೆ ನಮ್ಮ ಗಂಟುಮೂಟೆ ಹೇರಿದ. ಮೊದಲ ದಿನವೇ ನಮ್ಮನ್ನು ಕಲ್ಲಿನ ಮೇಲೆ ಕೂಡಿಸಿ ಪಾಠ ಹೇಳಿದ: ಎತ್ತರದಲ್ಲಿ ತಲೆ ನೋಯುವುದು ಇದ್ದದ್ದೇ, ಮುಚ್ಚಿಡಬೇಡಿ. ಕೆಮ್ಮಿನಲ್ಲಿ ಖೂನ್ ಕಂಡರೆ ಮಾತ್ರ ಒಂದು ಹೆಜ್ಜೆಯೂ ಮುಂದೆ ಇಲ್ಲ, ಹೊತ್ತುಕೊಂಡಾದರೂ ಕೆಳಗಿಳಿಸುತ್ತೇನೆ. ಹಿಂದಿಯಲ್ಲಿ ಖೂನ್ ಎಂದರೆ ರಕ್ತ ಎಂದು ಸಿನಿಮಾ ನೋಡಿದ ನನಗೆ ಗೊತ್ತಿತ್ತು. ಅಣ್ಣ ಸಿನಿಮಾ ನೋಡಿದವನಲ್ಲ. ಅವನ ಹಿಂದಿ ಎಂದರೆ ಮರಾಠಿಗೆ ‘ಹೈ’ ಹಚ್ಚುವುದು. ಪಾಠ ಮುಗಿಯುವಷ್ಟರಲ್ಲಿ ಅವನು ಎದ್ದು ಹೇಸರಗತ್ತೆಯ ಹೊಟ್ಟೆಪಟ್ಟಿ ನೋಡುತ್ತಿದ್ದ.

ನಡೆಯತೊಡಗಿದೆವು. ನಮ್ಮ ಬಯಲಿನವನಿಗೆ ಮೊದಲು ಸುಸ್ತಾಗುವುದು ಕಾಲಲ್ಲ, ಕುತ್ತಿಗೆ. ಎಷ್ಟು ಮೇಲೆ ನೋಡಿದರೂ ಇನ್ನೂ ಮೇಲೆ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೊದಲ ಊರು ಬಂತು. ಕಲ್ಲುಚಪ್ಪಡಿಯ ಮಾಡು, ಕೆಳಗೆ ದನ, ಮೇಲೆ ಮಂದಿ, ಮಾಡಿನ ಮೇಲೆ ಒಣಗಲು ಹರವಿದ ಗೋವಿನಜೋಳ. ಹಾದಿ ನೆಟ್ಟಗೆ ಒಂದು ಮನೆಯ ಅಂಗಳದಲ್ಲೇ ನುಗ್ಗಿ, ಅವರ ಒಲೆಯ ಮುಂದಿನಿಂದ ಹಾದು, ಹಿತ್ತಲಿನಿಂದ ಹೊರಬೀಳುತ್ತಿತ್ತು. ನಾವು ಮೂವರೂ, ನಮ್ಮ ಹೇಸರಗತ್ತೆಯೂ, ಆ ಮನೆಯವರ ಅಂಗಳದಲ್ಲಿ ನಡೆದೆವು. ಅಣ್ಣ ನಿಂತು ಮನೆಯ ಯಜಮಾನನನ್ನು ಕೇಳಿದ, ಇದು ಯಾರ ಹಾದಿ ಎಂದು. ಆತ ರಾಜ್ಮಾ ಕಾಯಿ ಬಿಡಿಸುತ್ತಿದ್ದ ಕೈ ನಿಲ್ಲಿಸಿ, ‘ರಾಸ್ತಾ ಹೈ,’ ಎಂದ. ಯಾರದು, ಯಾರದು ಎಂದು ಅಣ್ಣ ಮತ್ತೆ ಕೇಳಿದ. ಆತನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ‘ರಾಸ್ತಾ ಹೈ,’ ಎಂದು ಇನ್ನೊಮ್ಮೆ, ಈ ಸಲ ಸ್ವಲ್ಪ ಜೋರಾಗಿ ಹೇಳಿದ.

ಅಣ್ಣ ಹೊಟ್ಟೆ ಹಿಡಿದು ನಕ್ಕ. ನಾನು ನಗಲಿಲ್ಲ. ಹಾದಿಯ ಮಾತು ತೆಗೆಯಲು ಪೀಠಿಕೆ ಶುರುವಾಯಿತು ಎಂದು ಅಂದುಕೊಂಡೆ.

ಊರು ದಾಟಿದ ಮೇಲೆ ಕಾಲುದಾರಿ ಇನ್ನೂ ಸಣ್ಣದಾಯಿತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ. ಎದುರಿನಿಂದ ಹೊರೆ ಹೊತ್ತ ಕತ್ತೆಗಳ ಗಂಟೆ ಕೇಳಿದರೆ ನಾವು ಗುಡ್ಡದ ಕಡೆಗೇ ಒರಗಿ ನಿಲ್ಲಬೇಕು, ಕೊಳ್ಳದ ಕಡೆಗಲ್ಲ ಎಂದು ಗೈಡ್ ಕಲಿಸಿದ. ಹಾಗೆ ಒರಗಿ ನಿಂತಾಗ ಬೆನ್ನ ಮೇಲೆ ಹುಲ್ಲಿನ ದೊಡ್ಡ ಹೊರೆ ಹೊತ್ತ ಹೆಂಗಸರು ಸಾಲಾಗಿ ಹಾದುಹೋದರು. ಅಣ್ಣ ಅವರನ್ನೇ ನೋಡುತ್ತ ಹೇಳಿದ: ‘ನೋಡ, ಇಷ್ಟ ಹಾದ್ಯಾಗ ಇಡೀ ಊರ ಬದಕತೈತಿ.’

ನನ್ನ ಮೈ ಉರಿದುಹೋಯಿತು. ನಿನಗೂ ಇಷ್ಟೇ ಸಾಕು, ಕಬ್ಬನ್ನು ತಲೆಯ ಮೇಲೆ ಹೊರಿಸು ಎಂದು ತಾನೇ ಇದರ ಅರ್ಥ?

‘ನೋಡೂಣ್ರಿ,’ ಎಂದೆ.

‘ನೋಡೂದೇನ? ಕಣ್ಣ ಮುಂದ ಐತಲ್ಲ,’ ಎಂದ ಅಣ್ಣ.

ಅವನು ಮಾತಿಗೆ ಬಾಯಿ ತೆರೆದಾಗಲೆಲ್ಲ ನಾನು ಮುಚ್ಚಿಸುತ್ತ ಹೋದೆ. ‘ನಮ್ಮ ಹೊಲದ ಮೂಲ್ಯಾಗ ನಾ ಏನ ವಿಚಾರ ಮಾಡೇನಿ ಅಂದರ...’ ಎಂದು ಶುರು ಮಾಡಿದರೆ ‘ನೀರ ಕುಡೀತೀರೇನ್ರಿ?’ ಎನ್ನುತ್ತಿದ್ದೆ. ‘ಈ ಸಲ ಕಬ್ಬಿನ ಕಟಾವಿನಾಗ...’ ಎಂದರೆ ಬೂಟಿನ ಲೇಸು ಕಟ್ಟಲು ಬಗ್ಗುತ್ತಿದ್ದೆ. ಆ ಪ್ರವಾಸದಲ್ಲಿ ನನ್ನಷ್ಟು ಸಲ ಲೇಸು ಕಟ್ಟಿದವರು ಯಾರೂ ಇರಲಿಕ್ಕಿಲ್ಲ. ಅಣ್ಣ ಸ್ವಲ್ಪ ಹೊತ್ತು ನನ್ನ ಬೆನ್ನು ನೋಡಿ ಮುಂದೆ ನಡೆಯುತ್ತಿದ್ದ.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಅವನ ಪ್ರೀತಿ. ತಂಗಿದ ಮನೆಯಲ್ಲಿ ಒಲೆಯ ಪಕ್ಕದ ಜಾಗ ನನಗೆ ಬಿಡುತ್ತಿದ್ದ. ಬಿಸಿನೀರು ಮೊದಲು ನನಗೆ. ಮನೆಯಿಂದ ತಂದ ಶೇಂಗಾದ ಹಿಂಡಿಯ, ಎಂದರೆ ಚಟ್ನಿಪುಡಿಯ, ಡಬ್ಬಿ ನನ್ನ ಕಡೆಗೇ ಸರಿಸುತ್ತಿದ್ದ. ಬೆಳಗಿನ ಜಾವ ಎಚ್ಚರಾದರೆ ನನ್ನ ಮೈಮೇಲೆ ಅವನ ಕಂಬಳಿ ಇರುತ್ತಿತ್ತು. ನಾನು ಅದನ್ನು ಮೆಲ್ಲಗೆ ಮಡಚಿ ಅವನ ಕಾಲ ಬಳಿ ಇಡುತ್ತಿದ್ದೆ. ಋಣ ಬೇಡ ನನಗೆ. ಇವತ್ತು ಕಂಬಳಿ ಹೊದ್ದರೆ ನಾಳೆ ಹೂಂ ಅನ್ನಬೇಕಾಗುತ್ತದೆ.

ಮುಂದಿನ ಊರಿಗೆ ಆಚೆ ಕಣಿವೆಯಿಂದ ಮಣ್ಣಿನ ರಸ್ತೆಯೊಂದು ಬಂದು ಅಲ್ಲಿಗೇ ಮುಗಿಯುತ್ತಿತ್ತು. ಸೇಬಿನ ಪೆಟ್ಟಿಗೆ ತುಂಬಿದ ಪಿಕಪ್ ಗಾಡಿಗಳು ಒಂದು ಇಕ್ಕಟ್ಟಿನ ತಿರುವಿನಲ್ಲಿ ಹಿಂದೆ ಮುಂದೆ ಮಾಡುತ್ತ ತಿರುಗುತ್ತಿದ್ದವು. ನಾನು ಚಹಾ ಕುಡಿದು ಬರುವಷ್ಟರಲ್ಲಿ ಅಣ್ಣ ಆ ತಿರುವಿನಲ್ಲಿ ಒಬ್ಬನೇ ಇದ್ದ. ಗಾಡಿಯ ಗಾಲಿ ಊರಿದ ಜಾಗದಿಂದ ಗೋಡೆಯವರೆಗೆ ಹೆಜ್ಜೆ ಹಾಕಿ ಅಳೆಯುತ್ತಿದ್ದ. ತುಟಿ ಅಲ್ಲಾಡುತ್ತಿತ್ತು. ಮತ್ತೆ ಹಿಂದಕ್ಕೆ ಬಂದು ಇನ್ನೊಮ್ಮೆ ಅಳೆದ. ನಾನು ಗೋಡೆಯ ಮರೆಯಲ್ಲಿ ನಿಂತು ನೋಡಿದೆ. ಸಾವಿರಾರು ಮೈಲಿ ಬಂದು, ಸುತ್ತ ದೇವರಂಥ ಗುಡ್ಡಗಳಿರುವಾಗ, ಈ ಮನುಷ್ಯ ನೆಲ ಅಳೆಯುತ್ತಿದ್ದಾನೆ!

ಆ ಸಂಜೆ ನಾವು ಇಳಿದುಕೊಂಡ ಮನೆಯ ಮಾಡಿನ ಮೇಲೆ ಮಾತ್ರ ಮೊಬೈಲಿಗೆ ಸಿಗ್ನಲ್ ಸಿಗುತ್ತಿತ್ತು. ನಾನು ಏಣಿಯ ಅರ್ಧ ಏರಿದ್ದೆ. ಮೇಲೆ ಅಣ್ಣನ ಮಾತು ಕೇಳಿಸಿತು. ಅವನ ಮಗನ ಜೊತೆ ಮಾತಾಡುತ್ತಿದ್ದ.

‘ಕಲ್ಲಿನ ಕೆಲಸ ಸುರು ಆತೇನ? ... ಖೂನ ಹಾಕಿದ್ದ, ಮತ್ತ ಈಗ ಹೇಳಿದ್ದ ಇನ್ನೊಂದ, ಅಷ್ಟ ನೋಡು, ಬ್ಯಾರೇದಕ್ಕ ಕೈ ಹಚ್ಚಬ್ಯಾಡ. ... ನಾವ ಬರೂದರಾಗ ಮುಗೀಬೇಕ. ... ಇಲ್ಲ, ಕಾಕಾಗ ಇನ್ನ ಗೊತ್ತಿಲ್ಲ. ನೀ ಸುಮ್ಮ ಕೆಲಸಾ ಮಾಡಸು.’

ನಾನು ಸದ್ದಾಗದಂತೆ ಏಣಿ ಇಳಿದು ಗೋಡೆಯ ಮರೆಗೆ ಸರಿದೆ. ಆಗ ಎಲ್ಲ ಸ್ಪಷ್ಟವಾಯಿತು. ಬೂಟು, ಟಿಕೀಟು, ಕಂಬಳಿ, ಶೇಂಗಾದ ಹಿಂಡಿ, ಎಲ್ಲ. ನನ್ನಿಂದ ಹೂಂ ಅನ್ನಿಸಿಕೊಳ್ಳುವುದು ಇವನಿಗೆ ಬೇಕೇ ಇರಲಿಲ್ಲ. ನನ್ನನ್ನು ಊರಿಂದ ಆಚೆ ಇಡುವುದಷ್ಟೇ ಬೇಕಿತ್ತು. ಇಲ್ಲಿ ನನ್ನನ್ನು ಗುಡ್ಡ ಹತ್ತಿಸಿ, ಅಲ್ಲಿ ಮಗನ ಕೈಯಿಂದ ಕಲ್ಲು ಹೂಳಿಸುತ್ತಿದ್ದಾನೆ. ನಾನು ತಿರುಗಿ ಹೋಗುವಷ್ಟರಲ್ಲಿ ತಂತಿ ಎಳೆದಾಗಿರುತ್ತದೆ.

ಅವನು ಇಳಿದು ಹೋದ ಮೇಲೆ ನಾನು ಏರಿ ಹೆಂಡತಿಗೆ ಫೋನು ಹಚ್ಚಿದೆ. ಅವಳು ಎತ್ತಿದ ಕೂಡಲೇ ಕೇಳಿದ್ದು: ‘ಹೂಂ ಅಂದ್ರೇನ್ರಿ?’

‘ಇಲ್ಲ. ನೀ ಮೊದಲ ಹೊಲಕ್ಕ ಹೋಗು, ಆ ಮೂಲ್ಯಾಗ...’ ಎನ್ನುವಷ್ಟರಲ್ಲಿ ಮೋಡ ಬಂತೋ ಏನೋ, ಸಿಗ್ನಲ್ ಹೋಯಿತು. ಅದರ ಮುಂದೆ ಘಾಟು ದಾಟಿ ಆಚೆ ಇಳಿಯುವವರೆಗೆ ಫೋನು ಬರೀ ಗಡಿಯಾರ.

ಇಷ್ಟು ಕೇಳಿದವನು ಅಲ್ಲೇ ಯಾಕೆ ಕೊರಳಪಟ್ಟಿ ಹಿಡಿಯಲಿಲ್ಲ ಎಂದು ನೀವು ಕೇಳಬಹುದು. ಕೇಳಬೇಕೆಂದೇ ಕೆಳಗಿಳಿದೆ. ಅಣ್ಣ ಒಲೆಯ ಮುಂದೆ ಕೂತು, ನನ್ನ ಒದ್ದೆ ಕಾಲುಚೀಲಗಳನ್ನು ಎರಡೂ ಕೈಯಲ್ಲಿ ಬೆಂಕಿಗೆ ಹಿಡಿದು ಒಣಗಿಸುತ್ತಿದ್ದ. ಮೋಸ ಮಾಡುವವನ ಮೇಲೆ ಸಿಟ್ಟು ಬರಬೇಕು, ಬಂತು. ಆದರೆ ಕಾಲುಚೀಲ ಒಣಗಿಸುತ್ತ ಕೂತವನ ಮುಂದೆ ನಿಂತು ಬಾಯಿ ತೆರೆಯಲು ನನಗೆ ಆಗಲಿಲ್ಲ. ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದೆ.

ಮರುದಿನ ಹುಲ್ಲುಗಾವಲು ದಾಟಿ, ಘಾಟಿನ ಬುಡದಲ್ಲಿ ಡೇರೆ ಹಾಕಿದೆವು. ಘಾಟು ಎಂದರೆ ನಮ್ಮ ಅಂಬೋಲಿ ಘಾಟಿನಂತೆ ತಿರುವು ತಿರುವಿನ ಡಾಂಬರು ರಸ್ತೆಯಲ್ಲ. ಎರಡು ಶಿಖರಗಳ ನಡುವೆ ಗೋಡೆಯ ಮೇಲಿನ ಕಿಂಡಿಯಂತೆ ಒಂದು ತಗ್ಗು, ಅಲ್ಲಿಯವರೆಗೆ ಬರೀ ಒಡೆದ ಕಲ್ಲು. ಅದನ್ನು ದಾಟಿದರೆ ಆಚೆಯ ಕಣಿವೆ, ಆಚೆಯ ಊರುಗಳು.

ಬೆಳಗಾಗುವಾಗ ನನ್ನ ತಲೆ ಸಿಡಿಯುತ್ತಿತ್ತು. ಗೈಡ್ ನನ್ನ ಉಗುರು, ಕಣ್ಣು ನೋಡಿ, ನಿಧಾನ ಹತ್ತಿದರೆ ಸರಿಹೋಗುತ್ತದೆ ಎಂದ. ಅಣ್ಣನಿಗೆ ನಿಧಾನ ನಡೆಯಲು ಬರುವುದಿಲ್ಲ. ಹಾದಿ ಕಾಣುವಂತಿತ್ತು, ನಡುವೆ ಒಂದು ಚಹಾದ ಡೇರೆಯೂ ಇತ್ತು. ಅಲ್ಲಿ ಕೂತು ಕಾಯಿರಿ ಎಂದು ಹೇಳಿ ಗೈಡ್ ಅವನನ್ನು ಮುಂದೆ ಬಿಟ್ಟು ನನ್ನ ಜೊತೆ ಉಳಿದ. ಅಣ್ಣ ಹೋಗುವ ಮುಂಚೆ ನನ್ನ ಹತ್ತಿರ ಬಂದು, ‘ಭಾಳ ನೋಯಾಕತ್ತೈತೇನ? ತಿರುಗಿ ಹೋಗೂಣೇನ?’ ಎಂದ.

ಈಗ ತಿರುಗಿ ಹೋದರೆ ಕೆಲಸ ಮುಗಿದಿರುವುದಿಲ್ಲವಲ್ಲ, ಆದರೂ ಎಷ್ಟು ಚೆನ್ನಾಗಿ ನಟಿಸುತ್ತಾನೆ ಎಂದುಕೊಂಡೆ. ‘ನೀವ ನಡೀರಿ,’ ಎಂದೆ. ಅವನ ಬೆನ್ನು ಕಲ್ಲುಗಳ ನಡುವೆ ಸಣ್ಣದಾಗುತ್ತ ಹೋಯಿತು. ನಾನು ಹತ್ತಿದ್ದು ಕಾಲಿನ ಬಲದಿಂದಲ್ಲ, ಸಿಟ್ಟಿನ ಬಲದಿಂದ. ಘಾಟಿನ ತುದಿಯಲ್ಲಿ ನಿಲ್ಲಿಸಿ ಮುಖಕ್ಕೆ ಮುಖ ಕೊಟ್ಟು ಕೇಳಿಯೇ ಬಿಡುತ್ತೇನೆ, ಆಮೇಲೆ ಅವನ ಹಾದಿ ಅವನಿಗೆ ನನ್ನ ಹಾದಿ ನನಗೆ ಎಂದು ಒಂದೊಂದು ಹೆಜ್ಜೆಗೂ ಮಾತು ಜೋಡಿಸುತ್ತ ಏರಿದೆ.

ಚಹಾದ ಡೇರೆ ತಲುಪಿದಾಗ ಮೇಲೆ ಮೋಡ ಇಳಿದಿತ್ತು. ನೀಲಿ ಪ್ಲಾಸ್ಟಿಕ್ಕಿನ ಕೆಳಗೆ ಒಬ್ಬ ಹೆಂಗಸು ಸ್ಟೋವಿನ ಮುಂದೆ ಕೂತಿದ್ದಳು. ಅಣ್ಣ ಅಲ್ಲಿರಲಿಲ್ಲ. ನಮ್ಮನ್ನು ನೋಡಿದ್ದೇ ಅವಳು ಎದ್ದು ನಿಂತಳು. ಗೈಡ್‌ಗೆ ಗಡಿಬಿಡಿಯಿಂದ ಏನೋ ಹೇಳಿದಳು. ಅವನ ಮುಖದ ಬಣ್ಣ ಇಳಿಯಿತು. ನನ್ನ ಕಡೆ ತಿರುಗಿ ಅವಳು ಹಿಂದಿಯಲ್ಲಿ ಮತ್ತೆ ಹೇಳಿದಳು: ‘ನಿನ್ನ ಅಣ್ಣ ಹೇಳಿಹೋದ, ತಮ್ಮ ಬಂದರೆ ಹೇಳು ಅಂತ. ಆಗೇ ಖೂನ್ ಹೈ, ಖೂನ್ ದೇಖಕೇ ಆನಾ.’

ಮುಂದೆ ರಕ್ತ ಇದೆ, ರಕ್ತ ನೋಡಿಕೊಂಡು ಬಾ.

‘ಅವನ ಕೈ ನೋಡಿದೆ,’ ಎಂದಳು ಅವಳು. ‘ಅಂಗೈ ಪೂರಾ ಕೆಂಪಗಿತ್ತು. ಸ್ವಲ್ಪ ಮೇಲೆ ಹೋಗಿ ತಿರುಗಿ ಬಂದ, ಕೈ ತೋರಿಸಿದ, ಇಷ್ಟು ಹೇಳಿದ, ಮತ್ತೆ ಹತ್ತಿದ. ಕೂಡು ಅಂದರೆ ಕೂಡಲಿಲ್ಲ.’

ಗೈಡ್ ಆಗಲೇ ಓಡತೊಡಗಿದ್ದ. ಕೆಮ್ಮಿನಲ್ಲಿ ರಕ್ತ ಕಂಡರೆ ಏನಾಗುತ್ತದೆಂದು ಅವನು ಹೇಳಿದ್ದೆಲ್ಲ ನನ್ನ ತಲೆಯಲ್ಲಿ ಒಟ್ಟಿಗೇ ಮೊಳಗಿತು. ನಾನೂ ಓಡಿದೆ. ಅಲ್ಲಿ ಓಡುವುದು ಎಂದರೆ ನಾಕು ಹೆಜ್ಜೆ, ಬಾಯಿ ತೆರೆದು ಉಸಿರು, ಮತ್ತೆ ನಾಕು ಹೆಜ್ಜೆ. ಮೋಡದಲ್ಲಿ ಗೈಡ್ ಕಾಣದಾದ. ಕಲ್ಲು ಜಾರುತ್ತಿತ್ತು. ಮೊದಲ ದಿನದ ಪಾಠ ಅಣ್ಣ ಕೇಳಿಸಿಕೊಂಡೇ ಇರಲಿಲ್ಲ. ರಕ್ತ ಬಂದರೂ ಇಳಿಯಬೇಕೆಂದು ಅವನಿಗೆ ಗೊತ್ತಿಲ್ಲ, ಮೇಲೆ ಮೇಲೆ ಹೋಗುತ್ತಿದ್ದಾನೆ, ಅದರಲ್ಲೂ ನನಗೆ ಹೇಳಿಕಳಿಸಿ ಹೋಗುತ್ತಿದ್ದಾನೆ! ನನಗೆ ಆಗ ಆದ ಭಯವನ್ನು ಮುಚ್ಚಿಡುವುದಿಲ್ಲ. ಅಪ್ಪ ಸತ್ತಾಗ ಅಳುವುದಕ್ಕೆ ಪಕ್ಕದಲ್ಲಿ ಇವನಿದ್ದ. ಇವನಿಗೇ ಏನಾದರೂ ಆದರೆ ನನ್ನ ಪಕ್ಕದಲ್ಲಿ ಯಾರು? ಹಾದಿ ಹೋಗಲಿ, ಕಬ್ಬು ಸುಟ್ಟುಹೋಗಲಿ, ಹೊಲಕ್ಕೆ ಸುತ್ತ ತಂತಿ ಎಳೆದುಕೊಳ್ಳಲಿ, ಇವನು ಬೇಕು ನನಗೆ.

‘ಅಣ್ಣಾ!’ ಎಂದು ಕೂಗಿದೆ. ಗಂಟಲು ಹರಿಯುವಂತೆ ಕೂಗಿದೆ. ‘ಅಣ್ಣಾ! ನೀ ಎಲ್ಲಿ ಅದೀ? ಅಣ್ಣಾ!’

ಮೋಡದೊಳಗಿಂದ ಸಾವಕಾಶವಾಗಿ ಉತ್ತರ ಬಂತು: ‘ಇಲ್ಲೇ ಅದೇನಿ ಬಾರೋ. ಖೂನ ನೋಡಿ ಬಾ ಅಂತ ಹೇಳಿ ಕಳಿಸೇನಲ್ಲ, ಯಾಕ ವದರತೀ?’

ಹತ್ತಿ ನೋಡಿದರೆ ಘಾಟಿನ ಸ್ವಲ್ಪ ಕೆಳಗೆ ಒಂದು ದೊಡ್ಡ ಬಂಡೆಯ ಮೇಲೆ ಅಣ್ಣ ಕೂತಿದ್ದ. ಗೈಡ್ ಅವನ ಬಾಯಿ ತೆರೆಸಿ ನೋಡುತ್ತಿದ್ದ, ಅಣ್ಣ ಅವನ ಕೈ ತಳ್ಳುತ್ತಿದ್ದ. ಬಂಡೆಯ ಮೇಲೆ ಅಂಗೈಯಗಲ ಕೆಂಪು ಬಣ್ಣದ ಗುರುತು. ಅಲ್ಲಿಂದ ಮೇಲಕ್ಕೆ ಇನ್ನೊಂದು ಬಂಡೆಯ ಮೇಲೆ ಇನ್ನೊಂದು. ಹಾದಿ ತಪ್ಪದಿರಲಿ ಎಂದು ಯಾರೋ ಹೊಸದಾಗಿ ಬಳಿದು ಹೋಗಿದ್ದರು, ಚಳಿಗೆ ಇನ್ನೂ ಆರಿರಲಿಲ್ಲ. ಅಣ್ಣ ಅದನ್ನು ಮುಟ್ಟಿ ನೋಡಿದ್ದ. ಮೋಡ ಬರುವುದನ್ನು ಕಂಡು, ತಮ್ಮ ಹಾದಿ ತಪ್ಪಬಾರದೆಂದು ತಿರುಗಿ ಇಳಿದು ಬಂದು, ಮೆತ್ತಿದ ಕೈ ತೋರಿಸಿ, ತನಗೆ ಬಂದ ಹಿಂದಿಯಲ್ಲಿ ಆ ಹೆಂಗಸಿಗೆ ಹೇಳಿಹೋಗಿದ್ದ: ಮುಂದೆ ಖೂನ ಇದೆ, ಖೂನ ನೋಡಿಕೊಂಡು ಬರಲಿ.

ನಾನು ಬಂಡೆಯ ಬುಡದಲ್ಲಿ ಕುಸಿದು ಕೂತೆ. ಗೈಡ್‌ಗೆ ಬಿಡಿಸಿ ಹೇಳಲು ಬಹಳ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವನು ಎರಡೂ ಕೈ ತಲೆಯ ಮೇಲಿಟ್ಟುಕೊಂಡ. ಆಮೇಲೆ ಅಣ್ಣನಿಗೆ ಹೇಳಿದ, ಇನ್ನು ಮುಂದೆ ದಯವಿಟ್ಟು ಹಿಂದಿ ಮಾತಾಡಬೇಡಿ. ಡೇರೆಯ ಹೆಂಗಸಿಗೆ ಸುದ್ದಿ ಹೇಳಿ, ಅಲ್ಲಿ ಬಿಟ್ಟ ಹೇಸರಗತ್ತೆಯನ್ನೂ ಕರೆತರುತ್ತೇನೆಂದು ಇಳಿದು ಹೋದ.

ಇಬ್ಬರೇ ಉಳಿದೆವು. ನನಗೆ ನಗು ಬರುತ್ತಿತ್ತು, ಅದರ ಹಿಂದೆಯೇ ಹಳೆಯ ಸಿಟ್ಟೂ ತಿರುಗಿ ಬರುತ್ತಿತ್ತು. ಜೀವ ಉಳಿಯಿತು ಎಂದ ಮೇಲೆ ಮನುಷ್ಯನಿಗೆ ಮತ್ತೆ ಹೊಲ ನೆನಪಾಗುತ್ತದೆ.

‘ಮಾಡಿನ ಮ್ಯಾಲೆ ನೀವ ಮಾತಾಡಿದ್ದ ಕೇಳೇನಿ,’ ಎಂದೆ. ‘ಕಲ್ಲಿನ ಕೆಲಸ. ಕಾಕಾಗ ಗೊತ್ತಿಲ್ಲ. ನಾವ ಬರೂದರಾಗ ಮುಗೀಬೇಕ. ನಾ ಊರಾಗ ಇರಬಾರದಂತ ಇಲ್ಲಿಗೆ ಕರಕೊಂಡ ಬಂದ್ರಿ, ಹೌದಿಲ್ಲೋ? ಖೂನ ಹಾಕಿದ ಜಾಗಾದಾಗ ಕಲ್ಲ ಹೂಳಸಾಕತ್ತೀರಿ.’

ಅಣ್ಣ ಬಂಡೆಯಿಂದ ಇಳಿದು ನನ್ನ ಪಕ್ಕಕ್ಕೆ ಬಂದು ಕೂತ.

‘ಹೂಳಸಾಕತ್ತಿಲ್ಲ, ಕೀಳಸಾಕತ್ತೇನಿ,’ ಎಂದ. ‘ಆ ಮೂಲ್ಯಾಗ ನಿನ್ನ ಟ್ರೇಲರ್ ತಿರಗೂದಿಲ್ಲ. ಹ್ವಾದ ವರ್ಷ ಡ್ರೈವರ್ ಬಚಾವಾದ, ಈ ವರ್ಷ ಆಗೂದಿಲ್ಲ. ಖೂನ ಹಾಕಿದ್ದ ಕಂಬ ಅಷ್ಟೂ ಕೀಳಬೇಕ, ಬಳ್ಳೀನೂ ತಗೀಬೇಕ. ಎಷ್ಟ ಜಾಗಾ ಬೇಕಂತ ನನಗೂ ಬರೋಬ್ಬರಿ ಗೊತ್ತಿರಲಿಲ್ಲ. ಮೊನ್ನೆ ಆ ಪಿಕಪ್ ತಿರಗೂದ ನೋಡಿ, ಇನ್ನೊಂದ ಕಂಬ ಕೀಳಂತ ಹುಡುಗಗ ಹೇಳಿದೆ.’

‘ಹಂಗಾರ ನನಗ್ಯಾಕ ಹೇಳಲಿಲ್ಲ?’

‘ಹೇಳಾಕ ಬಿಟ್ಟೇನ ನೀ? ಬಾಯಿ ತಗದರ ನೀರ ಕುಡೀರಿ ಅಂತಿ, ಇಲ್ಲಾ ಬೂಟ ಕಟಗೊಂತ ಕೂಡತಿ.’

‘ಊರಾಗ ಹೇಳಬೇಕಿತ್ತ.’

‘ಊರಾಗ ಇದ್ದಿದ್ದರ ಕಂಬಕ್ಕ ಕೈ ಹಚ್ಚಿದ್ದ ನೋಡಿ ಓಡಿ ಬರತಿದ್ದಿ. ಕೀಳಾಕತ್ತಾರೋ ಹೂಳಾಕತ್ತಾರೋ ಅಂತ ನೋಡತಿದ್ದಿಲ್ಲ. ನಿನ್ನ ಹೇಣ್ತಿ ಬರತಿದ್ದಳು, ನನ್ನ ಹೇಣ್ತಿ ಬರತಿದ್ದಳು, ಮತ್ತ ಹಿರ್ಯಾರ ಕೂಡತಿದ್ದರು.’ ಅವನು ಕೆಂಪು ಮೆತ್ತಿದ ಅಂಗೈಯನ್ನು ಬಂಡೆಗೆ ಒರೆಸುತ್ತ ಇನ್ನೊಂದು ಮಾತು ಸೇರಿಸಿದ. ‘ನೀ ನನ್ನ ಜೋಡಿ ಮಾತ ಬಿಟ್ಟ ಎಷ್ಟ ವರ್ಷ ಆತು? ರಿ ಅಂತಿ, ಮಾತಾಡೂದಿಲ್ಲ. ಇಷ್ಟ ದೂರ ಕರಕೊಂಡ ಬಂದರ ಬ್ಯಾರೆ ಯಾರೂ ಇರೂದಿಲ್ಲ, ನನ್ನ ಜೋಡೀನ ಮಾತಾಡತೀ ಅಂತ ತಿಳದಿದ್ದೆ.’

ನಂಬಿದೆನೇ? ನಿಜ ಹೇಳಬೇಕೆಂದರೆ ಮುಕ್ಕಾಲು ಪಾಲು ನಂಬಿದೆ. ಉಳಿದ ಕಾಲು ಪಾಲು ಊರಿಗೆ ಹೋಗಿ ಕಣ್ಣಾರೆ ನೋಡಿದ ಮೇಲೆ ಎಂದು ಇಟ್ಟುಕೊಂಡೆ. ‘ನೋಡೂಣು,’ ಎಂದೆ. ‘ರಿ’ ಬಿಟ್ಟುಹೋದದ್ದು ಅಂದ ಮೇಲೆ ನನ್ನ ಕಿವಿಗೇ ಕೇಳಿಸಿತು. ಅಣ್ಣನಿಗೂ ಕೇಳಿಸಿರಬೇಕು, ಎದ್ದು ಮೇಲಿನ ಖೂನದ ಕಡೆ ನಡೆದ. ನಾನು ಹಿಂದೆ ನಡೆದೆ.

ಆಚೆಯ ಕಣಿವೆಯಲ್ಲಿ ಸಿಗ್ನಲ್ ಬಂದ ಕೂಡಲೇ ಫೋನು ಬಡಿದುಕೊಂಡಿತು. ಹೆಂಡತಿ. ‘ಅಲ್ರೀ, ಇಲ್ಲಿ ಭಾವಾರ ಮಗಾ ನಿಂತ ಮೂಲ್ಯಾನ ಕಂಬಾ ಕೀಳಸ್ಯಾನ. ಹಾದಿ ಅಂಗಳದಂಗ ಆಗೇತಿ. ಪುಕ್ಕಟೆ ಯಾರರ ಕೀಳತಾರೇನ? ಖರೇ ಹೇಳ್ರಿ, ಏನಕ್ಕ ಹೂಂ ಅಂದ್ರಿ?’

ನಾನು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಹಬ್ಬ ಕಳೆಯುವವರೆಗೂ ನಂಬಲಿಲ್ಲ.

ಕಾರ್ಖಾನೆ ಶುರುವಾಗಿ ಕಟಾವಿನ ಗ್ಯಾಂಗು ನಮ್ಮ ಹೊಲಕ್ಕಿಳಿಯಿತು. ಮೊದಲ ಟ್ರ್ಯಾಕ್ಟರು ಎರಡು ಟ್ರೇಲರು ತುಂಬಿಕೊಂಡು ಮೂಲೆಗೆ ಬಂದಾಗ ಅಣ್ಣ ಅಲ್ಲೇ ನಿಂತಿದ್ದ. ಬೂಟು ಹೋಗಿ ಕಾಲಲ್ಲಿ ಮತ್ತೆ ಕರಕರ ಚಪ್ಪಲಿ. ಕಂಬ ಕಿತ್ತ ಜಾಗದಲ್ಲಿ ನಿಂತು, ಡ್ರೈವರನಿಗೆ ಎಡಕ್ಕೆ, ಇನ್ನ ಎಡಕ್ಕೆ ಎಂದು ಕೈ ಮಾಡುತ್ತ, ಗಾಲಿಯನ್ನೇ ನೋಡುತ್ತ, ತಾನು ಎಲ್ಲಿ ನಿಂತಿದ್ದೇನೆಂಬುದನ್ನು ಮರೆತಿದ್ದ. ಹಿಂದಿನ ಟ್ರೇಲರು ಅವನ ಕಡೆಗೇ ಹೊರಳುತ್ತಿತ್ತು. ಇಡೀ ಗ್ಯಾಂಗಿನ ಮುಂದೆ, ಬದುವಿನ ಮೇಲೆ ನಿಂತಿದ್ದ ನಮ್ಮಿಬ್ಬರ ಹೆಂಡತಿಯರ ಮುಂದೆ, ನಾನು ಕೂಗಿದೆ.

‘ಅಣ್ಣಾ, ನೀ ಈ ಕಡೆ ಸರಿ! ಗಾಲಿ ಬಂತು!’

ಅಣ್ಣ ಸರಿದು, ಉಳಿದ ಕಂಬಕ್ಕೆ ಬೆನ್ನು ಒರಗಿಸಿ ನಿಂತ. ನನ್ನ ಕಬ್ಬು ಅವನ ಹೊಲದಲ್ಲಿ ತಿರುಗಿ ರಸ್ತೆಗೆ ಹತ್ತಿತು.